ಎದುರಿಗಿಲ್ಲದವರಿಗೆ ನ್ಯಾಯ: ಸಂದರ್ಶನದ ಒಂದು ಕಠಿನ ಪ್ರಶ್ನೆ

ಉದ್ಯೋಗಾರ್ಥಿಯಾಗಿ ಸಂದರ್ಶನ ಮಂಡಲಿಯ ಮುಂದೆ ಕುಳಿತವರಿಗೆ ತಮ್ಮ ವಿದ್ಯೆ, ಅನುಭವ, ಸಂಬಳದ ನಿರೀಕ್ಷೆ ಮೊದಲಾದವುಗಳ ವಿಷಯವಾಗಿ ಬರುವ ಪ್ರಶ್ನೆಗಳು ಅಷ್ಟಾಗಿ ದಿಗಿಲು ಹುಟ್ಟಿಸುವುದಿಲ್ಲ. ಅವುಗಳಲ್ಲಿ ಬಹುಪಾಲಿಗೆ ಉತ್ತರವು ಮೇಜಿನ ಮೇಲಿರುವ ಕಾಗದಪತ್ರಗಳಲ್ಲಿಯೇ ಸಿದ್ಧವಾಗಿರುತ್ತದೆ. ಆದರೆ ಈಚಿನ ವರ್ಷಗಳಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಮಾತ್ರವಲ್ಲದೆ ಬ್ಯಾಂಕು, ಆಸ್ಪತ್ರೆ, ಖಾಸಗಿ ಶಾಲೆ ಇವುಗಳಲ್ಲಿಯೂ, ವಿಶೇಷವಾಗಿ ನಾಲ್ಕು ಜನರ ಕೆಲಸವನ್ನು ನೋಡಿಕೊಳ್ಳಬೇಕಾದ ಹುದ್ದೆಗಳ ಸಂದರ್ಶನದಲ್ಲಿ, ಮೇಲಿಂದ ಮೇಲೆ ಕೇಳಿಬರುವ ಪ್ರಶ್ನೆಯೊಂದುಂಟು. “ನಿಮ್ಮ ಸಹೋದ್ಯೋಗಿಯೊಬ್ಬರ ಕೆಲಸದಲ್ಲಿ ಕೊರತೆ ಕಂಡಾಗ ಅದನ್ನು ಅವರಿಗೆ ಹೇಗೆ ತಿಳಿಸಿದಿರಿ? ಒಂದು ಪ್ರಸಂಗವನ್ನು ಹೇಳಿ.” ಕಚೇರಿಗಳ ಮಾತಿನಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಕೊಡುವುದು ಎಂದು ಹೆಸರು. ಕೇಳುವುದಕ್ಕೆ ಸರಳವಾದ ಈ ಪ್ರಶ್ನೆಯ ಮುಂದೆ, ತಾಂತ್ರಿಕ ವಿಷಯಗಳಲ್ಲಿ ಎಲ್ಲಿಯೂ ಎಡವದೆ ಬಂದ ಅಭ್ಯರ್ಥಿಗಳು ಕೂಡ ಒಂದು ಕ್ಷಣ ಮೇಲೆ ಕೆಳಗೆ ನೋಡಿ, ಬಳಿಕ ಯಾವುದಾದರೊಂದು ನೀತಿವಾಕ್ಯವನ್ನು ಒಪ್ಪಿಸಿ ಕೈತೊಳೆದುಕೊಳ್ಳುವುದುಂಟು.

ಅವರು ಹಾಗೆ ಮಾಡುವುದು ಅಪ್ರಾಮಾಣಿಕತೆಯಿಂದಲ್ಲ. ಪ್ರಶ್ನೆಯ ಉದ್ದೇಶವನ್ನು ತಪ್ಪಾಗಿ ತಿಳಿದುದರಿಂದ. ತಾನು ಎಷ್ಟು ಮೃದುಭಾಷಿ ಎಂಬುದನ್ನು ಪರೀಕ್ಷಿಸುತ್ತಿದ್ದಾರೆಂದು ಒಬ್ಬರು ಭಾವಿಸುತ್ತಾರೆ. ತಾನು ಎಷ್ಟು ಧೀರ ಎಂಬುದನ್ನು ತೋರಿಸುವ ಅವಕಾಶ ಇದೆಂದು ಇನ್ನೊಬ್ಬರು ಬಗೆಯುತ್ತಾರೆ. ವಸ್ತುತಃ ಪ್ರಶ್ನಿಸುವವರಿಗೆ ಬೇಕಾಗಿರುವುದು ನಡೆದ ಒಂದು ಸಂಗತಿ. ಆ ಸಂಗತಿಯನ್ನು ಹೇಳುವಾಗ ಅಭ್ಯರ್ಥಿಯು ಅಲ್ಲಿ ಎದುರಿಗಿಲ್ಲದ, ತನ್ನ ಪಕ್ಷವನ್ನು ಹೇಳಿಕೊಳ್ಳಲಾರದ ಆ ಸಹೋದ್ಯೋಗಿಗೆ ಎಷ್ಟು ನ್ಯಾಯವಾಗಿ ನಡೆದುಕೊಳ್ಳುತ್ತಾರೆಂಬುದೇ ಉತ್ತರದ ಬೆಲೆಯನ್ನು ನಿರ್ಣಯಿಸುತ್ತದೆ. ಈ ಒಂದು ಅಂಶವನ್ನು ಮನಗಂಡರೆ ಉಳಿದ ಸಿದ್ಧತೆಯೆಲ್ಲ ತಾನಾಗಿ ಒದಗುವುದು.

ಈ ಬಗೆಯ ಪ್ರಶ್ನೆಯ ಮೂಲವನ್ನು ಹುಡುಕುತ್ತ ಹೋದರೆ ನಾವು ಎರಡನೆಯ ಮಹಾಯುದ್ಧದ ಕಾಲಕ್ಕೆ ತಲಪುತ್ತೇವೆ. 1941ರಲ್ಲಿ ಅಮೆರಿಕದ ಸೇನೆಯ ವಾಯುದಳಕ್ಕೆ ವಿಮಾನಚಾಲಕರು ದೊಡ್ಡ ಸಂಖ್ಯೆಯಲ್ಲಿ ಬೇಕಾಗಿದ್ದಾಗ, ತರಬೇತಿಯಿಂದ ಹೊರಹಾಕಲ್ಪಟ್ಟ ಸಾವಿರ ಮಂದಿಯ ದಾಖಲೆಗಳನ್ನು ಮನಃಶಾಸ್ತ್ರಜ್ಞರು ತೆರೆದು ನೋಡಿದರು. ಶಿಕ್ಷಕರು ಬರೆದಿಟ್ಟಿದ್ದ ಕಾರಣಗಳಲ್ಲಿ ಬಹಳಷ್ಟು, ಸ್ವಭಾವ ಹೊಂದುವುದಿಲ್ಲ, ವಿವೇಚನೆ ಸಾಲದು, ಹಾರಾಟದ ಸಹಜಶಕ್ತಿಯಿಲ್ಲ ಎಂಬಂತಹ ಸಾಮಾನ್ಯ ತೀರ್ಪುಗಳಾಗಿದ್ದವು. ಆ ತರುಣನು ಯಾವ ದಿನ, ಯಾವ ಹಾರಾಟದಲ್ಲಿ, ಯಾವ ಕೆಲಸವನ್ನು ಹೇಗೆ ಕೆಡಿಸಿದನೆಂಬುದು ಅವುಗಳಿಂದ ತಿಳಿಯುವಂತಿರಲಿಲ್ಲ. ತಿಳಿಯದಮೇಲೆ ಮುಂದಿನವನನ್ನು ಆರಿಸುವುದಕ್ಕಾಗಲಿ ತಿದ್ದುವುದಕ್ಕಾಗಲಿ ಅವುಗಳಿಂದ ಪ್ರಯೋಜನವೂ ಇರಲಿಲ್ಲ. ಆ ಕಾರ್ಯಕ್ರಮದ ನೇತೃತ್ವ ವಹಿಸಿದ್ದ ಜಾನ್ ಫ್ಲಾನಗನ್ ಎಂಬ ವಿದ್ವಾಂಸನು, ಅಭಿಪ್ರಾಯಗಳನ್ನು ಬದಿಗಿಟ್ಟು, ಕಣ್ಣಾರೆ ಕಂಡ ನಿರ್ದಿಷ್ಟ ಪ್ರಸಂಗಗಳನ್ನು ಸಂಗ್ರಹಿಸುವ ವಿಧಾನವೊಂದನ್ನು ಕ್ರಮೇಣ ರೂಪಿಸಿ, 1954ರಲ್ಲಿ ‘ಸೈಕಲಾಜಿಕಲ್ ಬುಲೆಟಿನ್’ ಪತ್ರಿಕೆಯಲ್ಲಿ ಅದನ್ನು ವಿಸ್ತಾರವಾಗಿ ಪ್ರಕಟಿಸಿದನು. ಕ್ರಿಟಿಕಲ್ ಇನ್ಸಿಡೆಂಟ್ ಟೆಕ್ನಿಕ್ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು.

ಉದ್ಯೋಗದ ಸಂದರ್ಶನಕ್ಕೆ ಈ ವಿಚಾರವು ಹರಿದುಬಂದುದು ಅನಂತರದ ಮಾತು. 1980ರಲ್ಲಿ ಗ್ಯಾರಿ ಲೇಥಮ್ ಮತ್ತು ಸಂಗಡಿಗರು, ಇಂತಹ ಪ್ರಸಂಗಗಳನ್ನೇ ಆಧಾರವಾಗಿಟ್ಟುಕೊಂಡು, ಇಂಥ ಸನ್ನಿವೇಶ ಬಂದರೆ ಏನು ಮಾಡುವಿರಿ ಎಂದು ಕೇಳುವ ಪದ್ಧತಿಯನ್ನು ಮುಂದಿಟ್ಟರು. 1982ರಲ್ಲಿ ಟಾಮ್ ಜಾನ್ಜ್ ಎಂಬವರು ಒಂದು ಹೆಜ್ಜೆ ಮುಂದೆ ಹೋಗಿ, ಮಾಡುವಿರಿ ಎಂಬುದಕ್ಕಿಂತ ಹಿಂದೆ ಏನು ಮಾಡಿದಿರಿ ಎಂಬುದನ್ನೇ ಕೇಳಬೇಕೆಂದು ವಾದಿಸಿದರು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ, ಮೊದಲೇ ಗೊತ್ತುಮಾಡಿದ ಅಳತೆಯಿಂದ ಅಂಕ ಕೊಡುವ ಇಂತಹ ಸಂದರ್ಶನವು ಹರಟೆಯ ಧಾಟಿಯ ಸಂದರ್ಶನಕ್ಕಿಂತ ಹೆಚ್ಚು ವಿಶ್ವಾಸಾರ್ಹವೆಂಬುದನ್ನು ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಅವರ 1998ರ ಸಮೀಕ್ಷೆ ಅಂಕಿಗಳಲ್ಲಿ ತೋರಿಸಿತು. ಸಂದರ್ಶನದ ತೀರ್ಪಿಗೂ ಮುಂದೆ ಆ ವ್ಯಕ್ತಿ ಕೆಲಸ ಮಾಡಿದ ರೀತಿಗೂ ಇರುವ ಹೊಂದಾಣಿಕೆಯನ್ನು, 1 ಎಂಬುದು ಪೂರ್ಣ ಹೊಂದಾಣಿಕೆಯೆಂದು ಇಟ್ಟುಕೊಂಡು ಅಳೆದರೆ, ಕ್ರಮಬದ್ಧ ಸಂದರ್ಶನಕ್ಕೆ 0.51, ಕ್ರಮವಿಲ್ಲದುದಕ್ಕೆ 0.38 ಎಂದು ಅವರು ಗಣಿಸಿದರು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಹಲೇಖಕರು ಹಳೆಯ ಲೆಕ್ಕವನ್ನು ಪರಿಷ್ಕರಿಸಿದಾಗ ಈ ಅಂಕಿಗಳು 0.42 ಮತ್ತು 0.19ಕ್ಕೆ ಇಳಿದವಾದರೂ, ಕ್ರಮಬದ್ಧ ಸಂದರ್ಶನವು ಆಯ್ಕೆಯ ಸಾಧನಗಳ ಸಾಲಿನಲ್ಲಿ ಮೊದಲ ಸ್ಥಾನದಲ್ಲಿಯೇ ನಿಂತಿತು. ಆದುದರಿಂದ ಮಂಡಲಿಯವರು ‘ಒಂದು ಪ್ರಸಂಗವನ್ನು ಹೇಳಿ’ ಎಂದು ಒತ್ತಾಯಿಸುವುದು ಹಠದಿಂದಲ್ಲ. ಪ್ರಸಂಗವಿಲ್ಲದ ಉತ್ತರಕ್ಕೆ ಅವರ ಹಾಳೆಯಲ್ಲಿ ಅಂಕ ಹಾಕುವ ಸ್ಥಳವೇ ಇರುವುದಿಲ್ಲ.

ಇನ್ನು, ಬೇರೆ ಗುಣಗಳನ್ನೆಲ್ಲ ಬಿಟ್ಟು ಇನ್ನೊಬ್ಬರ ತಪ್ಪನ್ನು ತಿದ್ದುವ ಗುಣವನ್ನೇ ಏತಕ್ಕೆ ಕೇಳಬೇಕು? ಏಕೆಂದರೆ ಅದು ಲಾಭವನ್ನು ಮಾಡುವಷ್ಟೇ ಸುಲಭವಾಗಿ ಹಾನಿಯನ್ನೂ ಮಾಡಬಲ್ಲದು. 1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನೀಸಿ ಎಂಬ ಸಂಶೋಧಕರು ಈ ವಿಷಯದಲ್ಲಿ ಅದುವರೆಗೆ ನಡೆದಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ, 607 ಫಲಿತಾಂಶಗಳನ್ನು ತೂಗಿನೋಡಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕಿನಿಂದ ಕೆಲಸವು ಉತ್ತಮಗೊಂಡಿತ್ತು, ನಿಜ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಅದರಿಂದ ಕೆಲಸವು ಮೊದಲಿಗಿಂತಲೂ ಕೆಟ್ಟಿತ್ತು. ಮಾತು ಕೆಲಸದ ಕಡೆಗೆ ಬೊಟ್ಟುಮಾಡಿದಷ್ಟು ಕಾಲ ಕೇಳುವವನ ಗಮನ ಕೆಲಸದಲ್ಲಿರುತ್ತದೆ. ಅದು ಅವನ ವ್ಯಕ್ತಿತ್ವದ ಕಡೆಗೆ ತಿರುಗಿದ ಕೂಡಲೆ ಅವನು ಕೆಲಸವನ್ನು ಮರೆತು ತನ್ನ ಮಾನವನ್ನು ಕಾಪಾಡಿಕೊಳ್ಳುವುದರಲ್ಲಿ ತೊಡಗುತ್ತಾನೆ ಎಂಬುದು ಅವರು ಕೊಟ್ಟ ವಿವರಣೆಯ ತಾತ್ಪರ್ಯ. ವಾಯುದಳದ ಶಿಕ್ಷಕರು ಬರೆದಿಟ್ಟಿದ್ದ ‘ಸ್ವಭಾವ ಹೊಂದುವುದಿಲ್ಲ’ ಎಂಬ ಷರಾ ಏಕೆ ಯಾರನ್ನೂ ತಿದ್ದಲಾರದೆಂಬುದು ಇದರಿಂದ ಇನ್ನೊಂದು ಮಗ್ಗುಲಿನಿಂದ ಸ್ಪಷ್ಟವಾಗುತ್ತದೆ.

ಹಾನಿಯ ಭಯದಿಂದ ಬಾಯಿ ಮುಚ್ಚಿಕೊಂಡಿರೋಣವೆಂದರೆ ಅದೂ ಪರಿಹಾರವಲ್ಲ. ಅಪ್ರಿಯವಾದ ಸಮಾಚಾರವನ್ನು ತಿಳಿಸಬೇಕಾದವರು ಅದನ್ನು ತಡಮಾಡುತ್ತಾರೆ, ಇಲ್ಲವೆ ನುಂಗಿಬಿಡುತ್ತಾರೆ ಎಂಬುದನ್ನು ಸಿಡ್ನಿ ರೋಸೆನ್ ಮತ್ತು ಅಬ್ರಹಾಂ ಟೆಸ್ಸರ್ 1970ರಲ್ಲಿಯೇ ಪ್ರಯೋಗದಿಂದ ತೋರಿಸಿಕೊಟ್ಟಿದ್ದರು. ನಮ್ಮವರಿಗೆ ಇದನ್ನು ತಿಳಿಯಲು ಪ್ರಯೋಗ ಬೇಕಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯೂ, ಯಥಾರ್ಥವಾದಿ ಲೋಕವಿರೋಧಿ ಎಂಬ ನಾಣ್ಣುಡಿಯೂ ಊರೂರಿನಲ್ಲಿಯೂ ಪ್ರಚಲಿತವಾಗಿರುವ ನಾಡು ನಮ್ಮದು. ಹಿರಿಯರ ಎದುರು ಮಾತಾಡಬಾರದು, ಅನ್ಯರ ಹುಳುಕನ್ನು ಎತ್ತಬಾರದು, ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡು ಹೋಗಬೇಕು ಎಂಬ ಸಂಸ್ಕಾರದಲ್ಲಿ ಬೆಳೆದವರು, ಕಚೇರಿಯಲ್ಲಿ ಮುಖದೆದುರು ಮೌನವನ್ನೂ ಕ್ಯಾಂಟೀನಿನಲ್ಲಿ ಬೆನ್ನ ಹಿಂದೆ ವಾಗ್ಝರಿಯನ್ನೂ ಅಭ್ಯಾಸಮಾಡಿಕೊಳ್ಳುವುದು ಅಪರೂಪವಲ್ಲ. ಒಂದು ಪಂಗಡವನ್ನು ನಡೆಸಬೇಕಾದ ವ್ಯಕ್ತಿಯಲ್ಲಿ ಈ ಅಭ್ಯಾಸವಿದ್ದರೆ ಕೆಲಸವೂ ಕೆಡುತ್ತದೆ, ಜನರೂ ಕೆಡುತ್ತಾರೆ. ಮಂಡಲಿಯವರ ಆತಂಕವು ನ್ಯಾಯವಾದುದೇ ಸರಿ.

ಉತ್ತರವು ಹೇಗಿರಬೇಕೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ನೋಡೋಣ. ಆಸ್ಪತ್ರೆಯೊಂದರಲ್ಲಿ ವಾರ್ಡ್ ಇನ್‌ಚಾರ್ಜ್ ಹುದ್ದೆಗೆ ಸಂದರ್ಶನ ನಡೆಯುತ್ತಿದೆಯೆಂದೂ, ಮೂವರು ನರ್ಸುಗಳಿಗೆ ಇದೇ ಪ್ರಶ್ನೆಯನ್ನು ಹಾಕಲಾಯಿತೆಂದೂ ಇಟ್ಟುಕೊಳ್ಳೋಣ. ಮೊದಲನೆಯವರು, “ನಾನು ಯಾವಾಗಲೂ ಮೊದಲು ಒಳ್ಳೆಯ ಅಂಶವನ್ನು ಹೇಳಿ, ಆಮೇಲೆ ತಪ್ಪನ್ನು ತಿಳಿಸಿ, ಕೊನೆಗೆ ಮತ್ತೆ ಒಳ್ಳೆಯ ಮಾತಿನಿಂದ ಮುಗಿಸುತ್ತೇನೆ, ಯಾರ ಮನಸ್ಸನ್ನೂ ನೋಯಿಸುವುದಿಲ್ಲ” ಎನ್ನುತ್ತಾರೆ. ಇದು ತರಬೇತಿಯ ಪುಸ್ತಕದ ಮಾತು. ಇದರಲ್ಲಿ ದಿನವಿಲ್ಲ, ಜನರಿಲ್ಲ, ಫಲವಿಲ್ಲ. ಎರಡನೆಯವರು, “ನಮ್ಮಲ್ಲಿ ಒಬ್ಬರಿದ್ದರು, ಅವರಿಗೆ ಜವಾಬ್ದಾರಿಯೆಂಬುದೇ ಇರಲಿಲ್ಲ, ಏನನ್ನೂ ಸರಿಯಾಗಿ ಬರೆಯುತ್ತಿರಲಿಲ್ಲ, ಒಂದು ದಿನ ಎಲ್ಲರ ಮುಂದೆಯೇ ಖಡಾಖಂಡಿತವಾಗಿ ಹೇಳಿದೆ, ಅಂದಿನಿಂದ ಸರಿಹೋದರು” ಎನ್ನುತ್ತಾರೆ. ಇಲ್ಲಿ ಪ್ರಸಂಗವೇನೋ ಉಂಟು. ಆದರೆ ಎದುರಿಗಿಲ್ಲದ ಆ ನರ್ಸಿನ ಮೇಲೆ ತೀರ್ಪು ಮೊದಲೇ ಹೊರಬಿದ್ದಿದೆ. ಕೇಳಿದವರ ಮನಸ್ಸಿನಲ್ಲಿ, ನಾಳೆ ನಮ್ಮ ವಾರ್ಡಿನವರ ವಿಷಯವಾಗಿಯೂ ಇವರು ಹೀಗೆಯೇ ಮಾತಾಡುವರೆಂಬ ಶಂಕೆ ಮೊಳೆಯುವುದು ಸಹಜ.

ಮೂರನೆಯವರ ಉತ್ತರವನ್ನು ಪೂರ್ತಿಯಾಗಿ ಕೇಳಬಹುದು. “ಹೋದ ವರ್ಷ ನಮ್ಮ ವಾರ್ಡಿನಲ್ಲಿ ರಾತ್ರಿ ಪಾಳಿಯ ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ಚಾರ್ಜು ಒಪ್ಪಿಸಿದಾಗ, ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟುದಕ್ಕೆ ಸಹಿ ಇತ್ತು, ವೇಳೆ ಬರೆದಿರಲಿಲ್ಲ. ಒಂದೇ ವಾರದಲ್ಲಿ ಮೂರು ಸಲ ಹೀಗಾಯಿತು. ಮುಂದಿನ ಡೋಸ್ ಎಷ್ಟು ಹೊತ್ತಿಗೆಂದು ಕೇಳಲು ಅವರ ಮನೆಗೆ ಫೋನು ಮಾಡುತ್ತಿದ್ದೆ; ಮೂರನೆಯ ಸಲ ಅವರು ನಿದ್ದೆಹೋಗಿದ್ದರು, ಡಾಕ್ಟರನ್ನು ಕೇಳಿ ಖಚಿತಮಾಡಿಕೊಳ್ಳುವ ಹೊತ್ತಿಗೆ ರೋಗಿಯ ಡೋಸ್ ತಡವಾಯಿತು. ಮರುದಿನ ಚಾರ್ಜು ಒಪ್ಪಿಸಿದ ಮೇಲೆ, ಔಷಧದ ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ ಮೂರು ಚಾರ್ಟುಗಳನ್ನೂ ಮುಂದಿಟ್ಟು, ‘ಇಲ್ಲಿ ಸಹಿ ಇದೆ, ವೇಳೆ ಇಲ್ಲ. ನಿನ್ನೆ ಇದರಿಂದ ಡೋಸ್ ತಡವಾಯಿತು. ಬರೆಯುವುದಕ್ಕೆ ಏನು ಅಡ್ಡಿಯಾಗುತ್ತಿದೆ?’ ಎಂದು ಕೇಳಿದೆ. ಬೆಳಗಿನ ಆರು ಗಂಟೆಯ ಡೋಸ್ ಕೊಡುವ ಹೊತ್ತಿಗೇ ರಕ್ತದ ಸ್ಯಾಂಪಲ್ ತೆಗೆಯುವ ಕೆಲಸವೂ ತಮ್ಮ ಪಾಲಿಗೆ ಬರುತ್ತದೆ, ಚಾರ್ಟು ದೂರದ ಮೇಜಿನ ಮೇಲಿರುತ್ತದೆ, ಕೊನೆಗೆ ಎಲ್ಲಕ್ಕೂ ಒಟ್ಟಿಗೆ ಸಹಿ ಹಾಕುತ್ತೇನೆ ಎಂದರು. ಆ ತೊಂದರೆ ನನಗೆ ತಿಳಿದಿರಲಿಲ್ಲ. ಚಾರ್ಟನ್ನು ಔಷಧದ ಟ್ರಾಲಿಯಲ್ಲಿಯೇ ಇಡುವಂತೆ ಇಬ್ಬರೂ ಹೋಗಿ ಇನ್‌ಚಾರ್ಜ್ ಸಿಸ್ಟರನ್ನು ಕೇಳಿಕೊಂಡೆವು. ಅನಂತರದ ತಿಂಗಳಲ್ಲಿ ಒಂದು ಸಲ ಮಾತ್ರ ವೇಳೆ ಬಿಟ್ಟುಹೋಗಿತ್ತು. ಅದನ್ನು ಅವರೇ ಬಂದು ಹೇಳಿದರು.”

ಈ ಉತ್ತರವನ್ನು ಹೇಳಿಮುಗಿಸಲು ಎರಡು ನಿಮಿಷಗಳೂ ಬೇಡ. ಆದರೂ ಅದರಲ್ಲಿ ಏನೇನಿದೆಯೆಂಬುದನ್ನು ಗಮನಿಸಬೇಕು. ಆ ಸಹೋದ್ಯೋಗಿಯ ಹೆಸರು ಬರಲಿಲ್ಲ. ಅಲಕ್ಷ್ಯ, ಸೋಮಾರಿತನ, ಬೇಜವಾಬ್ದಾರಿ ಎಂಬ ಮಾತುಗಳಲ್ಲಿ ಒಂದೂ ಬರಲಿಲ್ಲ. ಕಂಡದ್ದು ಸಹಿ ಇದ್ದು ವೇಳೆಯಿಲ್ಲದ ಚಾರ್ಟು. ಅದರ ಪರಿಣಾಮ ತಡವಾದ ಡೋಸ್. ಇವೆರಡರ ನಡುವೆ ಹೇಳುವವರ ಊಹೆಗೆ ಎಡೆಯಿಲ್ಲ. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಷಿಪ್ ಸಂಸ್ಥೆಯು ಪ್ರಚಾರಕ್ಕೆ ತಂದ, ಇಂದು ನಮ್ಮ ಕಂಪೆನಿಗಳ ತರಬೇತಿಗಳಲ್ಲಿಯೂ ಬಳಕೆಯಲ್ಲಿರುವ ಎಸ್‌ಬಿಐ ಎಂಬ ಕ್ರಮದ ಸಾರವೂ ಇಷ್ಟೆ: ಸನ್ನಿವೇಶ, ಅಲ್ಲಿ ಕಂಡ ನಡವಳಿಕೆ, ಅದರ ಪರಿಣಾಮ. ಸಂದರ್ಶನದ ಉತ್ತರಕ್ಕೆಂದು ಕಲಿಸುವ ಸ್ಟಾರ್ ಎಂಬ ಕ್ರಮವಾದರೋ ಸನ್ನಿವೇಶ, ಹೊಣೆ, ಕ್ರಿಯೆ, ಫಲ ಎಂಬ ನಾಲ್ಕು ಅಂಗಗಳನ್ನು ಹೇಳುತ್ತದೆ. ಎರಡನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ. ನಡೆದುದನ್ನು ನಡೆದ ಅನುಕ್ರಮದಲ್ಲಿ ಹೇಳುವವರಿಗೆ ಇವು ತಾವಾಗಿಯೇ ಒದಗುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದುದು ‘ಏನು ಅಡ್ಡಿಯಾಗುತ್ತಿದೆ’ ಎಂದು ಕೇಳಿದ ಆ ಪ್ರಶ್ನೆಯೂ, ‘ಆ ತೊಂದರೆ ನನಗೆ ತಿಳಿದಿರಲಿಲ್ಲ’ ಎಂಬ ಮಾತೂ. ತಿದ್ದಲು ಹೋದವರು ತಾವೂ ಏನನ್ನಾದರೂ ತಿಳಿದು ಬಂದರೆಂಬುದಕ್ಕೆ ಅದು ಸಾಕ್ಷಿ. ಎದುರಿಗಿಲ್ಲದ ಸಹೋದ್ಯೋಗಿಯ ಪಕ್ಷವನ್ನು ಅವರ ಪರವಾಗಿ ಮಂಡಲಿಯ ಮುಂದೆ ಹೇಳಿದ್ದು ಆ ಒಂದು ವಾಕ್ಯದಲ್ಲಿಯೇ. ಕೊನೆಯಲ್ಲಿ ಒಂದು ಸಲ ತಪ್ಪಿತೆಂಬುದನ್ನೂ ಮರೆಮಾಚದೆ ಹೇಳಿದುದರಿಂದ ಉತ್ತರದ ನಂಬಿಕೆ ಕುಗ್ಗದೆ ಹೆಚ್ಚಿತು. ಸಂಪೂರ್ಣ ಜಯಗಳು ಕಥೆಗಳಲ್ಲಿ ಸಿಕ್ಕುವಷ್ಟು ಸುಲಭವಾಗಿ ವಾರ್ಡುಗಳಲ್ಲಿ ಸಿಕ್ಕುವುದಿಲ್ಲವೆಂಬುದು ಮಂಡಲಿಯವರಿಗೂ ತಿಳಿದದ್ದೇ.

ಇದೇ ಪ್ರಶ್ನೆಯು ಬೇರೆ ಬೇರೆ ವೇಷಗಳಲ್ಲಿ ಬರುವುದುಂಟು. ಮೇಲಧಿಕಾರಿಗೆ ಎಂದಾದರೂ ಭಿನ್ನಾಭಿಪ್ರಾಯವನ್ನು ತಿಳಿಸಿದ್ದೀರಾ ಎಂದು ಕೇಳಿದರೆ, ಅವರನ್ನು ಸೋಲಿಸಿದ ಕಥೆಯನ್ನು ಹೇಳತಕ್ಕದ್ದಲ್ಲ; ಅವರ ನಿರ್ಧಾರಕ್ಕೆ ಬೇಕಾಗಿದ್ದ ಯಾವ ವಿಷಯವು ನಿಮ್ಮಲ್ಲಿತ್ತು, ಅದನ್ನು ಯಾವ ಹೊತ್ತಿನಲ್ಲಿ ಅವರಿಗೆ ಒಪ್ಪಿಸಿದಿರಿ, ಅವರು ಒಪ್ಪದಿದ್ದಾಗ ಏನು ಮಾಡಿದಿರಿ ಎಂಬುದನ್ನು ಹೇಳಿದರೆ ಸಾಕು. ನಿಮ್ಮ ಮಾತನ್ನು ಎದುರಿನವರು ಕೇಳದೆ ಹೋದ ಪ್ರಸಂಗವನ್ನು ಕೇಳಿದರೆ, ಅಂಥದು ನಡೆದೇ ಇಲ್ಲವೆಂದು ಹೇಳುವುದು ಅವಿವೇಕ. ಎಲ್ಲರೂ ತನ್ನ ಮಾತನ್ನು ಕೇಳಿದರೆಂದು ಹೇಳಿಕೊಳ್ಳುವವರು ಯಾರಿಗೂ ಏನನ್ನೂ ಹೇಳಿರಲಾರರೆಂದು ಅನುಭವಸ್ಥರು ಊಹಿಸುತ್ತಾರೆ. ಸಾಫ್ಟ್‌ವೇರ್ ಕ್ಷೇತ್ರದವರಿಗೆ ಕೋಡ್ ರಿವ್ಯೂ ಎಂಬುದು ದಿನನಿತ್ಯದ ಉದಾಹರಣೆಯ ಕಣಜ: ಇನ್ನೊಬ್ಬರು ಬರೆದ ಕೋಡಿನ ಬದಿಯಲ್ಲಿ ‘ಇದು ಸರಿಯಿಲ್ಲ’ ಎಂದು ಬರೆದಿರೋ, ಅಥವಾ ‘ಪಟ್ಟಿ ಖಾಲಿಯಾಗಿದ್ದರೆ ಈ ಸಾಲಿನಲ್ಲಿ ಪ್ರೋಗ್ರಾಂ ನಿಂತುಹೋಗುತ್ತದೆ, ಮೊದಲೇ ಒಂದು ತಪಾಸಣೆ ಸೇರಿಸೋಣವೇ’ ಎಂದು ಬರೆದಿರೋ ಎಂಬುದರಲ್ಲಿಯೇ ಮೇಲಿನ ಚರ್ಚೆಯೆಲ್ಲ ಅಡಗಿದೆ.

ಮೊದಲ ಸಲ ಕೆಲಸಕ್ಕೆ ಅರ್ಜಿ ಹಾಕುವವರು, ನಮಗೆ ಅನುಭವವೆಲ್ಲಿಂದ ಬರಬೇಕು ಎಂದು ಹತಾಶರಾಗಬೇಕಾಗಿಲ್ಲ. ಕಾಲೇಜಿನ ಪ್ರಾಜೆಕ್ಟಿನಲ್ಲಿ ತನ್ನ ಪಾಲಿನ ಅಧ್ಯಾಯವನ್ನು ಗಡುವಿಗೆ ಕೊಡದ ಗೆಳೆಯನಿರುತ್ತಾನೆ; ಎನ್‌ಎಸ್‌ಎಸ್ ಶಿಬಿರದಲ್ಲಿ ಅಡುಗೆಯ ಸರದಿಯನ್ನು ತಪ್ಪಿಸಿಕೊಂಡವರಿರುತ್ತಾರೆ; ನಾಟಕದ ತಾಲೀಮಿನಲ್ಲಿ ಪ್ರವೇಶದ ಹೊತ್ತನ್ನು ಮರೆಯುವವರಿರುತ್ತಾರೆ. ಅವರಿಗೆ ಏನು ಹೇಳಿದಿರಿ ಎಂಬುದು ಕಂಪೆನಿಯ ಅನುಭವದಷ್ಟೇ ಗ್ರಾಹ್ಯವಾದ ಸಾಕ್ಷ್ಯ. ಅಭ್ಯಾಸಕ್ಕೆ ಒಂದು ವೇದಿಕೆ ಬೇಕೆನ್ನುವವರಿಗೆ ಟೋಸ್ಟ್‌ಮಾಸ್ಟರ್ಸ್ ಸಂಘಗಳಿವೆ. 1924ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಈ ಸಂಸ್ಥೆಯ ಶಾಖೆಗಳು ಬೆಂಗಳೂರಿನಲ್ಲಿಯೂ ಇದ್ದು, ಸಿದ್ಧಪಡಿಸಿಕೊಂಡು ಬಂದ ಭಾಷಣವನ್ನು ಇನ್ನೊಬ್ಬ ಸದಸ್ಯರು ಅದೇ ಸಭೆಯಲ್ಲಿ, ಭಾಷಣಕಾರರ ಎದುರಿಗೇ ವಿಮರ್ಶಿಸುವುದು ಅಲ್ಲಿಯ ನಿಯಮ.

ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ಉತ್ತರಿಸಬೇಕಾದವರಿಗೆ ಒಂದು ಮಾತು. ತಾಂತ್ರಿಕ ಪ್ರಶ್ನೆಗಳಿಗೆ ಬೇಕಾದ ಇಂಗ್ಲಿಷು ಪಠ್ಯಪುಸ್ತಕದಿಂದ ಬಂದಿರುತ್ತದೆ. ಮನುಷ್ಯರ ನಡುವಿನ ಸೂಕ್ಷ್ಮವನ್ನು ಹೇಳುವ ಇಂಗ್ಲಿಷು ಹಾಗೆ ಬಂದಿರುವುದಿಲ್ಲ. ಆದ್ದರಿಂದಲೇ ಅನೇಕರು ಈ ಪ್ರಶ್ನೆಗೆ ಬಂದೊಡನೆ ಕೇಳಿ ಕಲಿತ ದೊಡ್ಡ ದೊಡ್ಡ ಪದಗಳ ಮರೆಹೊಗುತ್ತಾರೆ. ಪ್ರಸಂಗವನ್ನು ಮೊದಲು ಕನ್ನಡದಲ್ಲಿಯೇ, ಮನೆಯವರಿಗೆ ಹೇಳುವಂತೆ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದರಲ್ಲಿ ಆ ವ್ಯಕ್ತಿಯ ಗುಣವನ್ನು ನಿರ್ಣಯಿಸುವ ವಿಶೇಷಣ ಯಾವುದು ಬಂದಿದೆಯೋ ಅದನ್ನು ಹೊಡೆದುಹಾಕಿ, ಅದರ ಸ್ಥಳದಲ್ಲಿ ನೀವು ಕಣ್ಣಾರೆ ಕಂಡುದನ್ನು ಬರೆಯಿರಿ. ಆ ಬಳಿಕ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ. ಸರಳವಾದ ವಾಕ್ಯಕ್ಕೆ ಯಾವ ಮಂಡಲಿಯೂ ಅಂಕ ಕಡಿಮೆ ಮಾಡುವುದಿಲ್ಲ.

ಕಡೆಯದಾಗಿ, ಕಟ್ಟುಕಥೆಯ ವಿಷಯ. ಇಂತಹ ಪ್ರಶ್ನೆಗಳಿಗೆ ಸಿದ್ಧ ಉತ್ತರಗಳು ಇಂದು ಎಲ್ಲೆಲ್ಲಿಯೂ ದೊರೆಯುತ್ತವೆ. ಅವನ್ನು ಕಂಠಪಾಠ ಮಾಡಿ ಒಪ್ಪಿಸುವುದು ಕಷ್ಟವೂ ಅಲ್ಲ. ಆದರೆ ಮಂಡಲಿಯವರು ಮೊದಲ ಉತ್ತರಕ್ಕೆ ತೃಪ್ತರಾಗಿ ಬಿಡುವುದಿಲ್ಲ. ಆಗ ಅವರು ಏನೆಂದರು, ನಿಮಗೆ ಏನೆನ್ನಿಸಿತು, ಇಂದು ಅದೇ ಸನ್ನಿವೇಶ ಬಂದರೆ ಯಾವುದನ್ನು ಬೇರೆ ರೀತಿಯಲ್ಲಿ ಮಾಡುವಿರಿ ಎಂದು ಒಂದರ ಹಿಂದೆ ಒಂದಾಗಿ ಕೇಳುತ್ತಾರೆ. ನಡೆದ ಸಂಗತಿಯು ಎಷ್ಟು ಆಳಕ್ಕೆ ಹೋದರೂ ಉತ್ತರವನ್ನು ಕೊಡುತ್ತಲೇ ಇರುತ್ತದೆ. ಕಲ್ಪಿತವಾದುದು ಎರಡನೆಯ ಪ್ರಶ್ನೆಗೇ ಬತ್ತಿಹೋಗುತ್ತದೆ. ಆದುದರಿಂದ, ಹೇಳಲು ಒಂದೂ ಪ್ರಸಂಗವಿಲ್ಲವೆಂದು ನಿಮಗೆ ಅನ್ನಿಸಿದರೆ, ಉತ್ತರವನ್ನು ಹುಡುಕುವುದನ್ನು ಬಿಟ್ಟು, ಬಹುದಿನಗಳಿಂದ ನಿಮ್ಮ ನಾಲಗೆಯ ತುದಿಯಲ್ಲಿಯೇ ಉಳಿದಿರುವ ಒಂದು ಮಾತನ್ನು, ಸಲ್ಲಬೇಕಾದವರಿಗೆ, ಅವರೊಬ್ಬರೇ ಇರುವಾಗ, ಈ ವಾರದಲ್ಲಿಯೇ ಹೇಳಿಬಿಡಿ. ಹೇಳಿದ ಮೇಲೆ ಅವರ ಉತ್ತರವನ್ನು ಕೊನೆಯವರೆಗೂ ಕೇಳಿ. ಕೆಲಸ ಸಿಕ್ಕುವುದೋ ಬಿಡುವುದೋ, ಜೊತೆಯವರೊಡನೆ ಕೆಲಸ ಮಾಡುವ ಯೋಗ್ಯತೆಯಂತೂ ಅದರಿಂದ ಹೆಚ್ಚುವುದು.